ಟಿ. ಡಿ. ಎ. ಕಾಕರೆಲ್

ಥಿಯೋಡೋರ್ ಡ್ರೂ ಆಲಿಸನ್ ಕಾಕರೆಲ್ (22 ಆಗಸ್ಟ್ 1866 – 26 ಜನವರಿ 1948) ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪ್ರಾಣಿಶಾಸ್ತ್ರಜ್ಞರು, ಕೀಟಶಾಸ್ತ್ರಜ್ಞರು ಹಾಗೂ ಪ್ರಾಧ್ಯಾಪಕರು. ಜೇನುನೊಣಗಳು, ಶಲ್ಕಕೀಟಗಳು, ಮೃದ್ವಂಗಿಗಳು, ಮೀನಿನ ಹುರುಪೆಗಳು ಮತ್ತು ಪಳೆಯುಳಿಕೆ ಕೀಟಗಳು ಅವರ ಅಧ್ಯಯನದ ಮುಖ್ಯ ಕ್ಷೇತ್ರಗಳು. ಅವರು ಸುಮಾರು 3,900 ಲೇಖನಗಳನ್ನು ಪ್ರಕಟಿಸಿದರು. ಕೀಟಗಳಿಗೇ 9,000ಕ್ಕೂ ಹೆಚ್ಚು ಹೊಸ ಹೆಸರುಗಳನ್ನು ಕೊಟ್ಟರು. ಉತ್ತರ ಬರ್ಮಾದ ಅಂಬರ್‌ನಲ್ಲಿ (ಶಿಲಾರಾಳ) ಹುದುಗಿದ್ದ ಕೀಟಗಳನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದವರು ಅವರೇ. ಆ ಕೀಟಗಳಲ್ಲಿ ಪರತಂತ್ರಜೀವಿ ಕಣಜಗಳಿಗೆ ವಿಶೇಷ ಸ್ಥಾನವಿದೆ. ಕೀಟಗಳ ದೇಹರಚನೆಯನ್ನು ನೋಡಿ, ಆ ಅಂಬರ್ ಭೂವಿಜ್ಞಾನಿಗಳು ತಿಳಿದಿದ್ದುದಕ್ಕಿಂತ ಬಹಳ ಹಳೆಯದಿರಬಹುದೆಂದು ಕಾಕರೆಲ್ ಊಹಿಸಿದ್ದರು. ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ ಆ ಊಹೆ ನಿಜವೆಂದು ಸ್ಥಿರಪಟ್ಟಿತು.

ಜನನ ಮತ್ತು ಬಾಲ್ಯ

ಕಾಕರೆಲ್ ಅವರು ಲಂಡನ್ನಿನ ದಕ್ಷಿಣ ಭಾಗದ ನಾರ್‌ವುಡ್‌ನಲ್ಲಿ ಜನಿಸಿದರು. ತಂದೆ ಸಿಡ್ನಿ ಜಾನ್ ಕಾಕರೆಲ್ ಕಲ್ಲಿದ್ದಲು ವ್ಯಾಪಾರಿ. ತಾಯಿ ಆಲಿಸ್, ಪ್ರಸಿದ್ಧ ಗಡಿಯಾರ ತಯಾರಕ ಸರ್ ಜಾನ್ ಬೆನೆಟ್ ಅವರ ಮಗಳು. ಥಿಯೋಡೋರ್ ಹನ್ನೊಂದು ವರ್ಷದವರಾಗಿದ್ದಾಗ, 1877ರಲ್ಲಿ ತಂದೆ ತೀರಿಕೊಂಡರು. ಮಕ್ಕಳ ಹೊಣೆಯೆಲ್ಲ ತಾಯಿಯ ಮೇಲೆ ಬಿತ್ತು.

ಸೋದರರಲ್ಲಿ ಇಬ್ಬರು ಮುಂದೆ ಹೆಸರುವಾಸಿಯಾದರು. ಸಿಡ್ನಿ ಕಾಕರೆಲ್ ಅವರು ಕವಿ ಹಾಗೂ ಕುಶಲಕರ್ಮಿ ವಿಲಿಯಂ ಮಾರಿಸ್ ಅವರ ಕಾರ್ಯದರ್ಶಿಯಾಗಿದ್ದು, ಬಳಿಕ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದ ನಿರ್ದೇಶಕರಾದರು. ಡಗ್ಲಸ್ ಕಾಕರೆಲ್ ಅವರು ಪುಸ್ತಕಕ್ಕೆ ರಟ್ಟು ಕಟ್ಟುವ ಕಲೆಯಲ್ಲಿ ಪ್ರಖ್ಯಾತರಾದರು. ಥಿಯೋಡೋರ್ ಅವರ ಮೇಲೂ ಮಾರಿಸ್ ಅವರ ವಿಚಾರಗಳ ಪ್ರಭಾವ ಆಳವಾಗಿತ್ತು. ವಿದ್ಯೆ ಮತ್ತು ಸೌಂದರ್ಯಗಳು ಸಿರಿವಂತರ ಸೊತ್ತಾಗಬಾರದು, ದುಡಿಯುವವರಿಗೂ ದೊರೆಯಬೇಕು ಎಂಬ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಬಾಲ್ಯದಲ್ಲೇ ಅವರಿಗೆ ಬಸವನಹುಳು, ಚಿಟ್ಟೆಗಳನ್ನು ಸಂಗ್ರಹಿಸುವ ಹವ್ಯಾಸ ಅಂಟಿಕೊಂಡಿತ್ತು. ವಿದ್ಯಾಭ್ಯಾಸದ ಭಾಗವಾಗಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿಯೂ ಸ್ವಲ್ಪ ಕಾಲ ಕಲಿತರು. ಆದರೆ ಪ್ರಾಣಿಶಾಸ್ತ್ರದಲ್ಲಿ ಅವರು ಬಹುಮಟ್ಟಿಗೆ ಸ್ವಂತವಾಗಿ ಕಲಿತವರು.

ಕ್ಷಯರೋಗ ಮತ್ತು ಕೊಲೊರಾಡೊ ವಾಸ

ಯೌವನದಲ್ಲೇ ಕಾಕರೆಲ್ ಅವರಿಗೆ ಕ್ಷಯರೋಗ ತಗುಲಿತು. ಆ ಕಾಲದಲ್ಲಿ ಈ ರೋಗಕ್ಕೆ ಔಷಧವಿರಲಿಲ್ಲ. ಒಣಹವೆಯ ಎತ್ತರದ ಪ್ರದೇಶದಲ್ಲಿ ವಾಸಿಸುವುದೇ ಚಿಕಿತ್ಸೆಯೆನಿಸಿತ್ತು. ಹೀಗಾಗಿ 1887ರಲ್ಲಿ ಅವರು ಅಮೆರಿಕಕ್ಕೆ ಹೊರಟು, ಕೊಲೊರಾಡೊ ರಾಜ್ಯದ ಬೆಟ್ಟಗಳ ನಡುವಿನ ವೆಸ್ಟ್‌ಕ್ಲಿಫ್ ಎಂಬ ಸಣ್ಣ ಊರಿನಲ್ಲಿ ಮೂರು ವರ್ಷ ಕಳೆದರು.

ಸುತ್ತಲಿನ ಕಣಿವೆಯಲ್ಲಿ ಕಂಡ ಗಿಡ, ಹುಳು, ಹಕ್ಕಿ, ಶಂಬುಕಗಳನ್ನೆಲ್ಲ ಅವರು ಅಲ್ಲಿ ಪಟ್ಟಿ ಮಾಡತೊಡಗಿದರು. ರಾಜ್ಯದ ಹವ್ಯಾಸಿ ಪ್ರಕೃತಿಪ್ರಿಯರನ್ನು ಒಗ್ಗೂಡಿಸಲು ಕೊಲೊರಾಡೊ ಜೀವಶಾಸ್ತ್ರ ಸಂಘವನ್ನು ಕಟ್ಟಿದರು. ಅಲ್ಲಿಂದಲೇ ಅವರು ವಿಕಾಸವಾದದ ಸಹಪ್ರವರ್ತಕ ಆಲ್ಫ್ರೆಡ್ ರಸೆಲ್ ವಾಲೇಸ್ ಅವರೊಂದಿಗೆ ಪತ್ರವ್ಯವಹಾರ ನಡೆಸಿದರು. 1890ರಲ್ಲಿ ಆರೋಗ್ಯ ಸುಧಾರಿಸಿ ಇಂಗ್ಲೆಂಡಿಗೆ ಮರಳಿದ ಮೇಲೆ, ದ್ವೀಪಗಳ ಜೀವಸಂಕುಲವನ್ನು ಕುರಿತ ವಾಲೇಸ್ ಅವರ ಗ್ರಂಥದ ಎರಡನೆಯ ಆವೃತ್ತಿಯ ಪರಿಷ್ಕರಣೆಗೆ ನೆರವಾದರು.

ಜಮೈಕ ಮತ್ತು ನ್ಯೂ ಮೆಕ್ಸಿಕೊ

1891ರಲ್ಲಿ ಕಾಕರೆಲ್ ಅವರು ಆನಿ ಫೆನ್ ಅವರನ್ನು ಮದುವೆಯಾದರು. ಅದೇ ವರ್ಷ ವಾಲೇಸ್ ಅವರ ಶಿಫಾರಸಿನಿಂದ ಜಮೈಕದ ಕಿಂಗ್‌ಸ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕ್ಯುರೇಟರ್ ಹುದ್ದೆ ದೊರೆಯಿತು. ಕಬ್ಬು, ಹಣ್ಣಿನ ಮರಗಳ ತೋಟಗಳನ್ನು ಕಾಡುತ್ತಿದ್ದ ಶಲ್ಕಕೀಟಗಳನ್ನೂ ಹಿಟ್ಟುತಿಗಣೆಗಳನ್ನೂ ಅವರು ಅಲ್ಲಿ ಅಧ್ಯಯನ ಮಾಡಿದರು. ಇಂದು ಫೆರಿಸಿಯ ವಿರ್ಗೇಟ ಎಂದು ಕರೆಯುವ ಪಟ್ಟೆ ಹಿಟ್ಟುತಿಗಣೆಯನ್ನು 1893ರಲ್ಲಿ ಮೊದಲು ವಿವರಿಸಿದವರು ಅವರು. ಭಾರತದಲ್ಲಿ ಕಾಫಿ, ಸೀಬೆ, ಹತ್ತಿ ಮುಂತಾದ ಬೆಳೆಗಳಿಗೆ ಹತ್ತುವ ಈ ಕೀಟದ ವೈಜ್ಞಾನಿಕ ಹೆಸರಿನ ಜೊತೆಗೆ ಕಾಕರೆಲ್ ಅವರ ಹೆಸರನ್ನು ಇಂದಿಗೂ ಬರೆಯಲಾಗುತ್ತದೆ.

ಜಮೈಕದ ಆರ್ದ್ರ ಹವೆ ಅವರ ಶ್ವಾಸಕೋಶಕ್ಕೆ ಒಗ್ಗಲಿಲ್ಲ. ಅದೇ ವೇಳೆಗೆ ನ್ಯೂ ಮೆಕ್ಸಿಕೊದ ಲಾಸ್ ಕ್ರೂಸಸ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಕೀಟಶಾಸ್ತ್ರಜ್ಞ ಚಾರ್ಲ್ಸ್ ಟೌನ್‌ಸೆಂಡ್ ಅವರು ಜಮೈಕಕ್ಕೆ ಬರಲು ಸಿದ್ಧರಿದ್ದರು. ಇಬ್ಬರೂ 1893ರಲ್ಲಿ ಹುದ್ದೆಗಳನ್ನೇ ಅದಲುಬದಲು ಮಾಡಿಕೊಂಡರು. ಆದರೆ ಆ ವರ್ಷವೇ ಪತ್ನಿ ಆನಿ ಮಗುವಿಗೆ ಜನ್ಮವಿತ್ತ ಕೆಲವು ದಿನಗಳಲ್ಲಿ ನಿಧನರಾದರು. ಆ ಮಗುವೂ ಬಾಲ್ಯ ದಾಟಲಿಲ್ಲ.

ನ್ಯೂ ಮೆಕ್ಸಿಕೊದ ಮರುಭೂಮಿ ಕಾಡುಜೇನುನೊಣಗಳ ತವರು. ಗೂಡು ಕಟ್ಟಿ ಸಂಸಾರ ಹೂಡದೆ, ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಮರಿ ಬೆಳೆಸುವ ನೂರಾರು ಬಗೆಯ ಜೇನುನೊಣಗಳು ಅಲ್ಲಿವೆ. ಅವುಗಳಲ್ಲಿ ಬಹುಪಾಲಿಗೆ ಆಗ ಹೆಸರೇ ಇರಲಿಲ್ಲ. ಜೀವಮಾನವಿಡೀ ಕಾಕರೆಲ್ ಅವರನ್ನು ಬಿಡದ ಜೇನುನೊಣಗಳ ಅಧ್ಯಯನ ಇಲ್ಲಿ ಗಟ್ಟಿಯಾಯಿತು. ಅವರು ಹೆಸರಿಟ್ಟ ಕೀಟಗಳಲ್ಲಿ ಅರ್ಧಕ್ಕೂ ಹೆಚ್ಚು ಜೇನುನೊಣಗಳೇ.

1900ರಲ್ಲಿ ಅವರು ಶಾಲಾ ಶಿಕ್ಷಕಿಯಾಗಿದ್ದ ವಿಲ್ಮ್ಯಾಟ್ ಪೋರ್ಟರ್ ಅವರನ್ನು ವರಿಸಿದರು. ಜೀವಶಾಸ್ತ್ರ ಬೋಧಿಸುತ್ತಿದ್ದ ವಿಲ್ಮ್ಯಾಟ್ ಸ್ವತಃ ನುರಿತ ಸಂಗ್ರಾಹಕಿ. ಪಳೆಯುಳಿಕೆಗಾಗಿ ಅಗೆಯುವಲ್ಲಿ, ದೂರದೇಶಗಳ ಪ್ರವಾಸದಲ್ಲಿ, ಸಸ್ಯಗಳ ತಳಿ ಪ್ರಯೋಗದಲ್ಲಿ ಅವರು ಪತಿಗೆ ಸಮಾನ ಸಹೋದ್ಯೋಗಿಯಾಗಿದ್ದರು.

ಬೌಲ್ಡರ್‌ನಲ್ಲಿ ಅಧ್ಯಾಪನ

1904ರಲ್ಲಿ ಕಾಕರೆಲ್ ದಂಪತಿ ಬೌಲ್ಡರ್ ನಗರಕ್ಕೆ ಬಂದರು. ಅಲ್ಲಿನ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಥಿಯೋಡೋರ್ ಅವರು ಉಪನ್ಯಾಸಕರಾಗಿ ಸೇರಿ, ಪ್ರಾಧ್ಯಾಪಕರಾಗಿ 1934ರಲ್ಲಿ ನಿವೃತ್ತರಾದರು. ವಿದ್ಯಾರ್ಥಿಗಳಿಗಾಗಿ 1920ರಲ್ಲಿ ಪ್ರಾಣಿಶಾಸ್ತ್ರದ ಪಠ್ಯಪುಸ್ತಕವನ್ನೂ, 1927ರಲ್ಲಿ ಕೊಲೊರಾಡೊ ರಾಜ್ಯದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥವನ್ನೂ ಬರೆದರು.

1910ರಲ್ಲಿ ಬೌಲ್ಡರ್‌ನಲ್ಲಿ ಕೆಂಪು ಛಾಯೆಯ ದಳಗಳುಳ್ಳ ಒಂದು ಕಾಡು ಸೂರ್ಯಕಾಂತಿ ಗಿಡ ವಿಲ್ಮ್ಯಾಟ್ ಅವರ ಕಣ್ಣಿಗೆ ಬಿತ್ತು. ಆ ಒಂದೇ ಗಿಡವನ್ನು ತೋಟಕ್ಕೆ ತಂದು, ಸಾಮಾನ್ಯ ಸೂರ್ಯಕಾಂತಿಯೊಡನೆ ಸಂಕರಗೊಳಿಸಿ ಇಬ್ಬರೂ ಹೊಸ ತಳಿಗಳನ್ನು ಪಡೆದರು. ಇಂದು ಉದ್ಯಾನಗಳಲ್ಲಿ ಕಾಣುವ ಕೆಂಪು ಸೂರ್ಯಕಾಂತಿಗಳ ಇತಿಹಾಸ ಈ ಗಿಡದಿಂದ ಆರಂಭವಾಗುತ್ತದೆ.

ಫ್ಲಾರಿಸೆಂಟ್ ಪಳೆಯುಳಿಕೆಗಳು

ಕೊಲೊರಾಡೊದ ಫ್ಲಾರಿಸೆಂಟ್ ಎಂಬಲ್ಲಿ ಪ್ರಾಚೀನ ಸರೋವರವೊಂದರ ತಳದಲ್ಲಿ ಜ್ವಾಲಾಮುಖಿಯ ಬೂದಿ ಪದರಪದರವಾಗಿ ಕೂತು ಕಲ್ಲಾಗಿದೆ. ಈ ಪದರಗಳನ್ನು ಬಿಡಿಸಿದರೆ ಎಲೆ, ಹೂವು, ಕೀಟಗಳ ಅಚ್ಚುಗಳು ದೊರೆಯುತ್ತವೆ. 1906ರಿಂದ ಮೊದಲ್ಗೊಂಡು ಕಾಕರೆಲ್ ಅವರು ಪತ್ನಿ ಮತ್ತು ಸಹೋದ್ಯೋಗಿಗಳೊಡನೆ ಇಲ್ಲಿ ಹಲವು ಬೇಸಿಗೆಗಳಲ್ಲಿ ಉತ್ಖನನ ನಡೆಸಿದರು. ಈಗ ಆಫ್ರಿಕದಲ್ಲಿ ಮಾತ್ರ ನಿದ್ರಾರೋಗ ಹರಡುತ್ತಿರುವ ತ್ಸೆತ್ಸೆ ನೊಣದ ಬಂಧು ಒಂದು ಕಾಲಕ್ಕೆ ಅಮೆರಿಕದಲ್ಲಿಯೂ ಇತ್ತೆಂಬುದನ್ನು ಅವರು ಇಲ್ಲಿನ ಪಳೆಯುಳಿಕೆಯಿಂದ ಗುರುತಿಸಿದರು. ಫ್ಲಾರಿಸೆಂಟ್‌ನ ಪರತಂತ್ರಜೀವಿ ಕಣಜಗಳನ್ನು ಕುರಿತು 1910ರಲ್ಲಿ ಚಾರ್ಲ್ಸ್ ಥಾಮಸ್ ಬ್ರೂಸ್ ಅವರು ಪ್ರತ್ಯೇಕ ಪ್ರಬಂಧವನ್ನು ಪ್ರಕಟಿಸಿದರು. ಸುಮಾರು 3.4 ಕೋಟಿ ವರ್ಷಗಳಷ್ಟು ಹಳೆಯದಾದ ಈ ತಾಣವನ್ನು 1969ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಫ್ಲಾರಿಸೆಂಟ್‌ನ ಕೀಟಗಳು ಕಲ್ಲಿನ ಪದರಗಳ ನಡುವೆ ಚಪ್ಪಟೆಯಾಗಿವೆ. ರೆಕ್ಕೆಯ ನರಗಳು ಸ್ಪಷ್ಟವಾಗಿ ಕಂಡರೂ ಕಾಲು, ಮೀಸೆ, ಸೊಂಟಗಳ ರಚನೆ ಹಲವು ವೇಳೆ ತಿಳಿಯುವುದಿಲ್ಲ. ಅಂಬರ್‌ನ ಸಂಗತಿ ಬೇರೆ. ಮರದಿಂದ ಒಸರಿದ ಅಂಟಿಗೆ ಸಿಕ್ಕಿಕೊಂಡ ಕೀಟದ ಮೇಲೆ ಇನ್ನಷ್ಟು ಅಂಟು ಹರಿದು ಮುಚ್ಚುತ್ತದೆ. ಆ ಅಂಟು ನೆಲದಡಿ ಸೇರಿ ಕಾಲಾಂತರದಲ್ಲಿ ಗಟ್ಟಿಯಾಗುತ್ತದೆ. ಹೀಗೆ ಉಳಿದ ಕೀಟವನ್ನು ಸೂಕ್ಷ್ಮದರ್ಶಕದಡಿ ಮೇಲಿಂದ, ಕೆಳಗಿಂದ, ಪಕ್ಕದಿಂದ ನೋಡಬಹುದು. ಮೈಮೇಲಿನ ರೋಮಗಳನ್ನೂ ಎಣಿಸಬಹುದು. ಬಾಲ್ಟಿಕ್ ಕಡಲ ತೀರದ ಅಂಬರ್‌ನಲ್ಲಿದ್ದ ಜೇನುನೊಣಗಳನ್ನೂ ಅವುಗಳ ಬಂಧುಗಳನ್ನೂ ಕುರಿತು ಕಾಕರೆಲ್ ಅವರು 1908–09ರಲ್ಲಿಯೇ ಬರೆದಿದ್ದರು. ಆದುದರಿಂದ ಬರ್ಮಾದ ಅಂಬರ್ ಕೈಸೇರುವ ಹೊತ್ತಿಗೆ, ಹೋಲಿಸಿ ನೋಡಲು ಬೇಕಾದ ಅನುಭವ ಅವರಲ್ಲಿತ್ತು.

ಬರ್ಮಾ ಅಂಬರ್‌ನ ಕಣಜಗಳು

ಉತ್ತರ ಬರ್ಮಾದ ಹುಕಾಂಗ್ ಕಣಿವೆಯಲ್ಲಿ (ಇಂದಿನ ಮ್ಯಾನ್ಮಾರ್‌ನ ಕಚಿನ್ ರಾಜ್ಯ) ಅಂಬರ್ ಅಗೆಯುವುದು ಬಹಳ ಹಿಂದಿನಿಂದ ನಡೆದುಬಂದ ಕಸುಬು. ಅದನ್ನು ಆಭರಣಗಳಿಗೆ ಬಳಸುತ್ತಿದ್ದರು, ಚೀನಾಕ್ಕೂ ಸಾಗಿಸುತ್ತಿದ್ದರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯವಾಗಿದ್ದುದರಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಫ್ರಿಟ್ಸ್ ನೋಟ್ಲಿಂಗ್ ಅವರು 1890ರ ದಶಕದ ಆರಂಭದಲ್ಲಿ ಈ ಗಣಿಗಳನ್ನು ಪರಿಶೀಲಿಸಿದರು. ಅಂಬರ್ ದೊರೆಯುವ ಜೇಡಿಮಣ್ಣನ್ನು ಅವರು ಮಯೊಸೀನ್ ಕಾಲದ್ದೆಂದು ನಿರ್ಣಯಿಸಿದರು. ಭೂಮಿಯ ಇತಿಹಾಸದಲ್ಲಿ ಮಯೊಸೀನ್ ಎಂದರೆ ತೀರ ಇತ್ತೀಚಿನ ಕಾಲ. ಡೈನೋಸಾರ್‌ಗಳು ಅಳಿದು ನಾಲ್ಕು ಕೋಟಿ ವರ್ಷಗಳಿಗೂ ಹೆಚ್ಚು ಕಳೆದ ಮೇಲೆ ಅದು ಆರಂಭವಾಗುತ್ತದೆ.

ಮಂಡಾಲೆಯಲ್ಲಿದ್ದ ಆರ್. ಸಿ. ಜೆ. ಸ್ವಿನ್ಹೋ ಎಂಬ ಪ್ರಕೃತಿಪ್ರಿಯರು ಕೀಟಗಳಿದ್ದ ಅಂಬರ್ ತುಂಡುಗಳನ್ನು ಆರಿಸಿ ಬೌಲ್ಡರ್‌ಗೆ ಕಳುಹಿಸಿಕೊಟ್ಟರು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ದಿನಗಳು ಅವು. 1916ರಿಂದ ಕೆಲವು ವರ್ಷಗಳ ಕಾಲ ಕಾಕರೆಲ್ ಅವರು ಈ ತುಂಡುಗಳಲ್ಲಿದ್ದ ಕೀಟಗಳನ್ನೂ ಇತರ ಸಂಧಿಪದಿಗಳನ್ನೂ ಒಂದೊಂದಾಗಿ ವಿವರಿಸಿ ಲೇಖನಗಳನ್ನು ಪ್ರಕಟಿಸಿದರು.

1917ರಲ್ಲಿ ಅವರು ಹೆಸರಿಟ್ಟ ಕಣಜಗಳಲ್ಲಿ ಹಿಪ್ಟಿಯೊಗ್ಯಾಸ್ಟ್ರೈಟಿಸ್ ಇಲೆಕ್ಟ್ರಿನಸ್, ಇಲೆಕ್ಟ್ರೊಫೀನಸ್ ಗ್ರಾಸಿಲಿಪೆಸ್, ಪ್ರೋಟೊಫೀನಸ್ ಸ್ವಿನ್ಹೋಯಿ ಮುಖ್ಯವಾದವು. ಇವುಗಳಲ್ಲಿ ಕೊನೆಯದು ಅಂಬರ್ ಕಳುಹಿಸಿದ ಸ್ವಿನ್ಹೋ ಅವರ ಹೆಸರನ್ನು ಹೊತ್ತಿದೆ. ಈ ಮೂರೂ ಇವಾನಿಯಾಯ್ಡಿಯ ಎಂಬ ಕಣಜಗಳ ಮಹಾಕುಟುಂಬಕ್ಕೆ ಸೇರಿದವು. ಸಾಮಾನ್ಯ ಕಣಜಗಳಲ್ಲಿ ಹೊಟ್ಟೆಯ ಭಾಗವು ಎದೆಯ ಕೆಳತುದಿಗೆ, ಹಿಂಗಾಲುಗಳ ಬುಡದ ಹತ್ತಿರ ಅಂಟಿಕೊಂಡಿರುತ್ತದೆ. ಈ ಗುಂಪಿನಲ್ಲಾದರೋ ಅದು ಬಹಳ ಮೇಲೆ, ಬೆನ್ನಿಗೆ ಸಮೀಪವಾಗಿ ಸೇರಿಕೊಂಡಿರುತ್ತದೆ. ಅಂಬರ್‌ನಲ್ಲಿ ಕೀಟವು ಚಪ್ಪಟೆಯಾಗದೆ ಉಳಿದುದರಿಂದಲೇ ಇಂಥ ಲಕ್ಷಣವನ್ನು ಸಂದೇಹವಿಲ್ಲದೆ ಗುರುತಿಸಲು ಸಾಧ್ಯವಾಯಿತು. ಇವಲ್ಲದೆ ಬೆಥಿಲಿಡೆ ಕುಟುಂಬದ ಕಣಜಗಳನ್ನೂ ಕಾಕರೆಲ್ ವಿವರಿಸಿದರು.

ಪರತಂತ್ರಜೀವಿ ಕಣಜವು ಸಾಮಾನ್ಯ ಪರೋಪಜೀವಿಗಿಂತ ಭಿನ್ನವಾದುದು. ಹೇನು, ಉಣ್ಣೆಗಳು ಆಶ್ರಯ ಕೊಟ್ಟ ಪ್ರಾಣಿಯನ್ನು ಸಾಮಾನ್ಯವಾಗಿ ಕೊಲ್ಲದೆ ರಕ್ತ ಹೀರಿ ಬದುಕುತ್ತವೆ. ಪರತಂತ್ರಜೀವಿ ಕಣಜದ ತಾಯಿಯಾದರೋ ಇನ್ನೊಂದು ಕೀಟದ ಮೈಮೇಲೆ ಅಥವಾ ಮೈಯೊಳಗೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಆ ಕೀಟವನ್ನು ತಿಂದು ಬೆಳೆದು ಕೊನೆಗೆ ಅದನ್ನು ಕೊಲ್ಲುತ್ತದೆ. ಹಿಪ್ಟಿಯೊಗ್ಯಾಸ್ಟ್ರೈಟಿಸ್ ಮತ್ತು ಇಲೆಕ್ಟ್ರೊಫೀನಸ್‌ಗಳನ್ನು ಈಗ ಆಲಾಸಿಡೆ ಕುಟುಂಬಕ್ಕೆ ಸೇರಿಸುತ್ತಾರೆ. ಇಂದು ಬದುಕಿರುವ ಆಲಾಸಿಡೆ ಕಣಜಗಳು ಮರ ಕೊರೆಯುವ ದುಂಬಿಗಳ ಮತ್ತು ಮರಕಣಜಗಳ ಸಂತತಿಯ ಮೇಲೆ ಬೆಳೆಯುತ್ತವೆ. ಬೆಥಿಲಿಡೆ ಕಣಜಗಳು ದುಂಬಿ ಹಾಗೂ ಪತಂಗಗಳ ಮರಿಹುಳುಗಳನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಅವುಗಳ ಮೇಲೆ ಮೊಟ್ಟೆಯಿಡುತ್ತವೆ. ಇಂಥ ಕಣಜಗಳು ಅಂಬರ್‌ನಲ್ಲಿ ಸಿಕ್ಕಿದುದರಿಂದ, ಅಂಟು ಸುರಿಸಿದ ಆ ಪ್ರಾಚೀನ ಕಾಡಿನ ಮರಗಳಲ್ಲಿ ಅವುಗಳಿಗೆ ಆಹಾರವಾಗುವ ಹುಳುಗಳೂ ಇದ್ದಿರಬೇಕೆಂದು ಊಹಿಸಬಹುದು. ಆಹಾರವಾದ ಹುಳು ಸಿಗದಿದ್ದರೂ ಅದನ್ನು ತಿಂದವನ ದೇಹ ಅದರ ಸುಳಿವು ಕೊಡುತ್ತದೆ. ಇಂದು ಬೆಳೆಗಳ ಕೀಟಗಳನ್ನು ಹತೋಟಿಯಲ್ಲಿಡಲು ರೈತರು ಬಳಸುವ ಪರತಂತ್ರಜೀವಿಗಳ ಜೀವನಕ್ರಮ ಎಷ್ಟು ಪುರಾತನವೆಂಬುದು ಈ ಪಳೆಯುಳಿಕೆಗಳಿಂದ ಮನವರಿಕೆಯಾಗುತ್ತದೆ.

ಕಾಲನಿರ್ಣಯದ ಪ್ರಶ್ನೆ

ಮಯೊಸೀನ್ ಕಾಲದ ಕೀಟಗಳು ಇಂದಿನ ಕೀಟಗಳಿಗೆ ತೀರ ಹತ್ತಿರದವು. ಅವುಗಳಲ್ಲಿ ಬಹುಮಟ್ಟಿಗೆ ಈಗಲೂ ಬದುಕಿರುವ ಕುಲಗಳೇ ಕಾಣುತ್ತವೆ. ಆದರೆ ಬರ್ಮಾದ ಅಂಬರ್‌ನಲ್ಲಿ ಕಾಕರೆಲ್ ಕಂಡ ಕೀಟಗಳು ಬಾಲ್ಟಿಕ್ ಅಂಬರ್‌ನ ಕೀಟಗಳಿಗಿಂತಲೂ ಹಳೆಯ ಬಗೆಯವಾಗಿ ತೋರಿದವು. ಬಾಲ್ಟಿಕ್ ಅಂಬರ್ ಮಯೊಸೀನ್‌ಗಿಂತ ಬಹಳ ಪ್ರಾಚೀನವೆಂದು ಆಗಲೇ ತಿಳಿದಿತ್ತು. ಭೂವಿಜ್ಞಾನದ ನಿರ್ಣಯಕ್ಕೂ ಕೀಟಗಳ ದೇಹರಚನೆಗೂ ತಾಳೆಯಾಗಲಿಲ್ಲ.

ಕಾಕರೆಲ್ ಅವರು 1917ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು. ಅಂಬರ್ ಹಗುರವಾದ ವಸ್ತು. ಒಂದು ಪದರದಿಂದ ಕೊಚ್ಚಿಹೋಗಿ ಬಹುಕಾಲದ ನಂತರ ಇನ್ನೊಂದು ಪದರದಲ್ಲಿ ಸೇರಿಕೊಳ್ಳಬಲ್ಲದು. ಆದ್ದರಿಂದ ಮಣ್ಣು ಹೊಸದಾಗಿದ್ದರೂ ಅದರೊಳಗಿನ ಅಂಬರ್ ಹಳೆಯದಾಗಿರಬಹುದು, ಬಹುಶಃ ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಯುಗದ್ದಾಗಿರಬಹುದು ಎಂದು ಅವರು ವಾದಿಸಿದರು. ಕಣಿವೆಯನ್ನು ಸ್ವತಃ ನೋಡದ ಅವರು ಇದನ್ನು ಸಾಧ್ಯತೆಯೆಂದು ಮಾತ್ರ ಮುಂದಿಟ್ಟರು.

ಈ ಸೂಚನೆಗೆ ಮನ್ನಣೆ ದೊರೆಯಲಿಲ್ಲ. 1934ರಲ್ಲಿ ಎಚ್. ಎಲ್. ಚಿಬ್ಬರ್ ಅವರು ಬರ್ಮಾದ ಖನಿಜಗಳನ್ನು ಕುರಿತ ಕೃತಿಯಲ್ಲಿ ಅಂಬರ್ ದೊರೆಯುವ ಪದರಗಳನ್ನು ಇಯೊಸೀನ್ ಕಾಲಕ್ಕೆ ಸೇರಿಸಿದರು. ಅದು ಮಯೊಸೀನ್‌ಗಿಂತ ಹಳೆಯದಾದರೂ ಡೈನೋಸಾರ್‌ಗಳು ಅಳಿದ ನಂತರದ್ದೇ. ಬಹುಕಾಲ ಇದೇ ಅಭಿಪ್ರಾಯ ಉಳಿಯಿತು. ಸ್ವಿನ್ಹೋ ಸಂಗ್ರಹವು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿ ಅಲ್ಲಿ ಸುರಕ್ಷಿತವಾಗಿತ್ತು.

1990ರ ದಶಕದಲ್ಲಿ ರಷ್ಯಾದ ಅಲೆಕ್ಸಾಂದರ್ ರಾಸ್ನಿತ್ಸಿನ್, ಬ್ರಿಟನ್ನಿನ ಆಂಡ್ರ್ಯೂ ರಾಸ್ ಮೊದಲಾದ ತಜ್ಞರು ಆ ಸಂಗ್ರಹವನ್ನು ಮತ್ತೆ ಪರೀಕ್ಷಿಸಿದರು. ಕ್ರಿಟೇಶಿಯಸ್ ಯುಗಕ್ಕೆ ಮಾತ್ರ ಸೀಮಿತವಾದ ಕೀಟಗುಂಪುಗಳು ಅದರಲ್ಲಿ ಕಂಡುಬಂದವು. 2000ರಲ್ಲಿ ಪ್ರಕಟವಾದ ಅಧ್ಯಯನಗಳು ಈ ಅಂಬರ್ ಕ್ರಿಟೇಶಿಯಸ್ ಯುಗದ್ದೆಂದು ಪ್ರತಿಪಾದಿಸಿದವು. 2003ರಲ್ಲಿ ಗಣಿಪ್ರದೇಶದ ಅಮೊನೈಟ್ ಪಳೆಯುಳಿಕೆಯ ಆಧಾರ ದೊರೆಯಿತು. 2012ರಲ್ಲಿ ಅಂಬರ್ ಇರುವ ಶಿಲೆಯ ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ ಮತ್ತು ಸೀಸದ ಪ್ರಮಾಣವನ್ನು ಅಳೆದು, ಅದರ ವಯಸ್ಸು ಸುಮಾರು 9.88 ಕೋಟಿ ವರ್ಷಗಳೆಂದು ನಿರ್ಧರಿಸಲಾಯಿತು. ಕಾಕರೆಲ್ ಅವರ ಊಹೆಯಲ್ಲಿ ಒಂದು ಅಂಶ ಮಾತ್ರ ತಿದ್ದುಪಡಿ ಪಡೆಯಿತು: ಅಂಬರ್ ಇರುವ ಪದರಗಳೇ ಕ್ರಿಟೇಶಿಯಸ್ ಯುಗದವು, ಹಳೆಯ ಅಂಬರ್ ಹೊಸ ಮಣ್ಣಿಗೆ ಬಂದು ಸೇರಿತೆಂದು ಭಾವಿಸಬೇಕಾಗಿಲ್ಲ.

ಕಾರ್ಯವಿಧಾನ ಮತ್ತು ಟೀಕೆ

ಕಾಕರೆಲ್ ಅವರು ಅತಿ ವೇಗವಾಗಿ ಬರೆಯುತ್ತಿದ್ದರು. ಒಂದು ಮಾದರಿ ಕೈಗೆ ಬಂದ ಕೂಡಲೇ ಪರೀಕ್ಷಿಸಿ, ಟಿಪ್ಪಣಿ ಬರೆದು ಅಚ್ಚಿಗೆ ಕಳುಹಿಸುವುದು ಅವರ ಪದ್ಧತಿ. ಅವರ ಪ್ರಕಟಣೆಗಳಲ್ಲಿ ಕೆಲವು ಹಲವೇ ಸಾಲುಗಳಷ್ಟು ಚಿಕ್ಕವು. ಚಿತ್ರಗಳು ಕಡಿಮೆ, ವಿವರಣೆಗಳು ಸಂಕ್ಷಿಪ್ತ. ಒಂದೇ ಗುಂಪಿನ ಕೀಟಗಳ ವಿವರಗಳು ಹತ್ತಾರು ಪತ್ರಿಕೆಗಳಲ್ಲಿ ಚದುರಿಹೋಗಿವೆ. ಇದರಿಂದಾಗಿ ನಂತರದ ಸಂಶೋಧಕರು ಅವರ ಮೂಲಮಾದರಿಗಳನ್ನು ಹುಡುಕಿ ಮತ್ತೆ ವಿವರಿಸಬೇಕಾಯಿತು. ಬರ್ಮಾ ಅಂಬರ್‌ನ ಅನೇಕ ಕೀಟಗಳನ್ನು ಅವರು ಇಂದು ಬದುಕಿರುವ ಕುಲಗಳಲ್ಲಿಯೇ ಸೇರಿಸಿದ್ದರು. ಅವುಗಳಲ್ಲಿ ಹಲವಕ್ಕೆ ಮುಂದೆ ಬೇರೆ ಸ್ಥಾನ ಕಲ್ಪಿಸಲಾಗಿದೆ.

ಆದರೂ ಅವರ ಕೆಲಸದ ಬೆಲೆ ಕುಂದಿಲ್ಲ. ಅವರು ಗುರುತಿಸಿದ ಪ್ರಭೇದಗಳಲ್ಲಿ ಬಹಳಷ್ಟು ಇಂದಿಗೂ ಮಾನ್ಯವಾಗಿವೆ. ಮಾದರಿಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಸಾರ್ವಜನಿಕ ಸಂಗ್ರಹಾಲಯಗಳಿಗೆ ಸೇರಿಸಿದುದರಿಂದ, ಎಂಬತ್ತು ವರ್ಷಗಳ ನಂತರವೂ ಅವರ ನಿರ್ಣಯಗಳನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು.

ಪ್ರವಾಸ ಮತ್ತು ಕೊನೆಯ ದಿನಗಳು

ಕಾಕರೆಲ್ ದಂಪತಿ 1920ರ ಮತ್ತು 1930ರ ದಶಕಗಳಲ್ಲಿ ಸೈಬೀರಿಯ, ಜಪಾನ್, ಸಯಾಂ, ಆಸ್ಟ್ರೇಲಿಯ ಮತ್ತು ಆಫ್ರಿಕಗಳಲ್ಲಿ ಸಂಚರಿಸಿ ಜೇನುನೊಣಗಳನ್ನೂ ಪಳೆಯುಳಿಕೆಗಳನ್ನೂ ಸಂಗ್ರಹಿಸಿದರು. ನಿವೃತ್ತಿಯ ಬಳಿಕ ಚಳಿಗಾಲವನ್ನು ಕ್ಯಾಲಿಫೋರ್ನಿಯದಲ್ಲಿ ಕಳೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಮರುಭೂಮಿ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದರು. ಎಳೆಯ ಆಸಕ್ತರ ಪತ್ರಗಳಿಗೂ ಅವರು ತಪ್ಪದೆ ಉತ್ತರಿಸುತ್ತಿದ್ದರು. ಮುಂದೆ ಜೇನುನೊಣಗಳ ವರ್ಗೀಕರಣದಲ್ಲಿ ಜಗತ್ತಿಗೇ ಹಿರಿಯರೆನಿಸಿದ ಚಾರ್ಲ್ಸ್ ಮಿಚನರ್ ಅವರು ಹದಿಹರೆಯದಲ್ಲಿಯೇ ಕಾಕರೆಲ್ ಅವರ ಸಂಪರ್ಕಕ್ಕೆ ಬಂದವರು.

ತಾರುಣ್ಯದಲ್ಲೇ ಕ್ಷಯರೋಗ ತಗುಲಿದ್ದ ಕಾಕರೆಲ್ ಎಂಬತ್ತೊಂದು ವರ್ಷ ಬಾಳಿ, 1948ರ ಜನವರಿ 26ರಂದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ ನಿಧನರಾದರು. ವಿಲ್ಮ್ಯಾಟ್ ಅವರು 1957ರವರೆಗೆ ಬದುಕಿದ್ದರು.

ನೆನಪು

ಕೊಲೊರಾಡೊ ವಿಶ್ವವಿದ್ಯಾಲಯದ ಒಂದು ವಿದ್ಯಾರ್ಥಿನಿಲಯಕ್ಕೆ ಕಾಕರೆಲ್ ಅವರ ಹೆಸರಿಡಲಾಗಿದೆ. ನ್ಯೂ ಮೆಕ್ಸಿಕೊದ ಒಂದು ದುಂಬಿಜೇನಿನ ಹಾಗೂ ಆಲೂಗೆಡ್ಡೆ, ಟೊಮೆಟೊ ಬೆಳೆಗಳನ್ನು ಕಾಡುವ ಒಂದು ರಸಹೀರುವ ಕೀಟದ ವೈಜ್ಞಾನಿಕ ಹೆಸರುಗಳಲ್ಲಿ ಅವರ ನೆನಪಿದೆ. ವೆಸ್ಟ್‌ಕ್ಲಿಫ್‌ನಿಂದ ಬರೆದ ಪತ್ರಗಳನ್ನು ಸಸ್ಯಶಾಸ್ತ್ರಜ್ಞ ವಿಲಿಯಂ ವೆಬರ್ ಅವರು 1976ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಬರ್ಮಾ ಅಂಬರ್ ಇಂದು ಕ್ರಿಟೇಶಿಯಸ್ ಯುಗದ ಕೀಟಗಳ ಅತ್ಯಂತ ಸಮೃದ್ಧ ಆಕರಗಳಲ್ಲಿ ಒಂದೆನಿಸಿದೆ. ಅದರಲ್ಲಿ ಹೊಸ ಇವಾನಿಯಾಯ್ಡಿಯ ಕಣಜವೊಂದು ದೊರೆತಾಗ, ಅದನ್ನು ಕಾಕರೆಲ್ ಅವರು 1917ರಲ್ಲಿ ವಿವರಿಸಿದ ಕಣಜಗಳೊಡನೆ ಹೋಲಿಸಿ ನೋಡುವುದು ಸಂಶೋಧಕರ ವಾಡಿಕೆ.